ಎಡಗೈ ಕಟ್ಟಿದ ಮಲ್ಲಿಗೆ

ಹೊಟ್ಟೆಕಿಚ್ಚು ಬರಬೇಕಾಗಿದ್ದದ್ದು ಕಲ್ಪನಕ್ಕನಿಗೆ. ಬಂದದ್ದು ನನಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನನ್ನ ಮಾತಿನಲ್ಲಿ ಎಲ್ಲಾದರೂ ಹುಳಿ ಹತ್ತಿದರೆ ಆ ಹುಳಿ ನನ್ನದು, ಅವಳದ್ದಲ್ಲ.

ಕಲ್ಪನಕ್ಕ ನನ್ನ ಓರಗಿತ್ತಿ. ಅವಳ ಗಂಡ ಕೃಷ್ಣಾನಂದ ಬಾವ ಮನೆಗೆ ಹಿರಿಯರು, ನನ್ನ ಗಂಡ ಹರೀಶ ಕಿರಿಯರು. ಕಾಯ್ಕಿಣಿಯಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ. ಮೇಲೆ ಅತ್ತೆ ಈರಮ್ಮ. ಬಾವ ಗದ್ದೆ, ತರಕಾರಿ ನೋಡಿಕೊಳ್ಳುತ್ತಾರೆ. ಇವರು ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಹಿತ್ತಿಲಿನಲ್ಲಿ ಎಂಬತ್ತು ಮಲ್ಲಿಗೆ ಗಿಡಗಳಿವೆ, ಅವು ಹೆಂಗಸರ ಪಾಲು. ಬೆಳಕೆ ಊರಿನಿಂದ ಕಲ್ಪನಕ್ಕ ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಮಕ್ಕಳಾಗಲಿಲ್ಲ. ಧಾರೇಶ್ವರದಿಂದ ನಾನು ಬಂದು ಎಂಟು ವರ್ಷ. ನನಗೆ ಪ್ರಿಯಾ ಹುಟ್ಟಿದಳು, ಆಮೇಲೆ ಸುಮಿತ ಹುಟ್ಟಿದ.

ಮಲ್ಲಿಗೆ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಕೇರಿಯಲ್ಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು ತಂದು, ನೆನೆಸಿಟ್ಟ ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತಳೆಂದರೆ ಮುಗಿಯಿತು. ಕಣ್ಣು ಎಲ್ಲೋ ಇರುತ್ತದೆ, ಬಾಯಲ್ಲಿ ಅವಳ ಅಜ್ಜಿ ಕಲಿಸಿದ ಯಾವುದೋ ಹಾಡಿರುತ್ತದೆ, ಕೈ ಮಾತ್ರ ಮಗ್ಗದ ಹಾಗೆ ನಡೆಯುತ್ತಿರುತ್ತದೆ. ಅವಳು ಎಡಚಿ. ನಾವೆಲ್ಲ ಕಟ್ಟಿದ ಗಂಟು ಬಲಕ್ಕೆ ಹೊರಳಿದರೆ ಅವಳದ್ದು ಎಡಕ್ಕೆ ಹೊರಳುತ್ತದೆ. ಹೂ ನೋಡಿದರೆ ಗೊತ್ತಾಗುವುದಿಲ್ಲ, ಮಾಲೆಯನ್ನು ಮಗುಚಿ ನಾರು ನೋಡಿದರೆ ಗೊತ್ತಾಗುತ್ತದೆ. ಒಂಬತ್ತು ಗಂಟೆಯೊಳಗೆ ಇವರು ಆ ಮಾಲೆಗಳನ್ನೆಲ್ಲ ಬಾಳೆಲೆಯಲ್ಲಿ ಸುತ್ತಿ ರಿಕ್ಷಾದಲ್ಲಿಟ್ಟುಕೊಂಡು ಹೆದ್ದಾರಿಗೆ ಒಯ್ಯುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗೆ ಹೋಗುತ್ತವೆ.

ಇನ್ನು ಅವಳ ಗುಣ. ಕಲ್ಪನಕ್ಕ ಸಿಟ್ಟಾಗುವುದಿಲ್ಲ. ಅತ್ತೆ ಬೈದರೆ ನಗುತ್ತಾಳೆ, ಹಾಲು ಉಕ್ಕಿ ಒಲೆ ಆರಿದರೂ ನಗುತ್ತಾಳೆ. ನಿಧಾನಕ್ಕೆ ಮಾತಾಡುತ್ತಾಳೆ. ಚಹಾವನ್ನು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುತ್ತಾಳೆ. ನಾನು ಬೇರೆ ಥರ. ನನ್ನ ಬಾಯಿಗೆ ಬೀಗವಿಲ್ಲ. ಇಂಥ ಒಳ್ಳೆಯವಳ ಜೊತೆ ಒಂದೇ ಅಡುಗೆಮನೆಯಲ್ಲಿ ಎಂಟು ವರ್ಷ ಬಾಳುವುದು ಎಷ್ಟು ಕಷ್ಟವೆಂದು ಬಾಳಿದವರಿಗೇ ಗೊತ್ತು.

ಸುಮಿತ ಹುಟ್ಟಿದ ಮೇಲೆ ಆಪರೇಶನ್ ಮಾಡಿಸಿಕೊ ಎಂದು ಆಶಾ ಕಾರ್ಯಕರ್ತೆ ನಾಲ್ಕು ಸಲ ಮನೆಗೆ ಬಂದಿದ್ದಳು. ಮಳೆಗಾಲ ಕಳೆಯಲಿ, ಕೊಯ್ಲು ಮುಗಿಯಲಿ, ಪ್ರಿಯಾಳ ಪರೀಕ್ಷೆ ಆಗಲಿ ಎಂದು ನಾನು ಮುಂದೆ ಮುಂದೆ ಹಾಕಿದೆ. ಸಂಕ್ರಾಂತಿಯ ಹೊತ್ತಿಗೆ ವಾಂತಿ ಶುರುವಾಯಿತು. ಈ ಕಾಲದಲ್ಲಿ ಮೂರನೆಯದೇ ಎಂದು ಕೇರಿಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ನಾಚಿಕೆಯಾಗಿ ಎರಡು ದಿನ ಬಾವಿಕಟ್ಟೆಗೂ ಹೋಗಲಿಲ್ಲ.

ಸುದ್ದಿ ತಿಳಿದ ದಿನ ಮನೆಯಲ್ಲಿ ಬಂಗಡೆ ಸಾರು. ಕಲ್ಪನಕ್ಕ ತನ್ನ ತಟ್ಟೆಯಲ್ಲಿದ್ದ ನಡುತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು.

"ತಿನ್ನು. ಈಗ ನೀ ಒಬ್ಳೇ ಅಲ್ದಲ."

ನಾನು ಅವಳ ಮುಖ ನೋಡಿದೆ. ತುಟಿ ಕೊಂಕಿತೇ, ಕಣ್ಣು ಕೆಂಪಾಯಿತೇ ಎಂದು ಹುಡುಕಿದೆ. ನಾನಾಗಿದ್ದರೆ ಹನ್ನೊಂದು ವರ್ಷ ಹರಕೆ ಹೊತ್ತು ಸುಸ್ತಾದವಳ ಎದುರು ಇನ್ನೊಬ್ಬಳು ಬೇಡದೆ ಮೂರನೆಯದಕ್ಕೆ ಬಸುರಾದರೆ ಮೀನಿನ ತುಂಡನ್ನಲ್ಲ, ಸಾರಿನ ಪಾತ್ರೆಯನ್ನೇ ಅವಳ ತಲೆಯ ಮೇಲೆ ಮಗುಚುತ್ತಿದ್ದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಮುಳ್ಳು ಬಿಡಿಸುತ್ತ ಸುಮಿತನಿಗೆ ತುತ್ತು ಕೊಡುತ್ತಿದ್ದಳು.

ಅತ್ತೆ ಮಾತ್ರ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು. "ಕಲ್ಪನಾನ ಮುಂದೆ ಹೊಟ್ಟೆ ತೋರ್ಸ್ಕಂಡು ತಿರ್ಗ್ಬೇಡ. ನೈಟಿ ಮೇಲೆ ಒಂದು ಟವೆಲ್ ಹಾಕ್ಕ. ಅದ್ರ ಮನ್ಸಿಗೂ ನೋವು, ನಿನ್ನ ಹೊಟ್ಟಿಗೂ ದೃಷ್ಟಿ."

ದೃಷ್ಟಿ ಗಿಷ್ಟಿ ನಾನು ನಂಬುವವಳಲ್ಲ. ಆದರೂ ಟವೆಲ್ ಹಾಕಿಕೊಂಡೆ.

ಮೂರು ತಿಂಗಳಾಗುತ್ತಿದ್ದಂತೆ ಸುಮಿತನ ಮೊಲೆ ಬಿಡಿಸುವ ಮಾತು ಎದ್ದಿತು. ಅವನಿಗಾಗ ಎರಡು ವರ್ಷ ನಾಲ್ಕು ತಿಂಗಳು. ಅನ್ನ ಮೀನು ಎಲ್ಲ ತಿನ್ನುತ್ತಿದ್ದ, ಆದರೂ ಮಲಗುವಾಗ ಮೊಲೆ ಬೇಕು. ನನ್ನ ಕರಿಮಣಿ ಸರವನ್ನು ಬೆರಳಿಗೆ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ನನ್ನನ್ನೇ ನೋಡುತ್ತ ಕುಡಿಯುತ್ತಿದ್ದ. ಆ ಕಣ್ಣಿಗೆ ನಾನೊಬ್ಬಳೇ ಕಾಣುತ್ತಿದ್ದೆ. ಇಡೀ ದಿನದಲ್ಲಿ ನಾನು ಯಾರಿಗೂ ಬೈಯದೆ ಇರುತ್ತಿದ್ದ ಹೊತ್ತು ಅದೊಂದೇ.

"ಹೊಟ್ಟೇಲಿ ಒಂದು ಇಟ್ಕಂಡು ಇದ್ಕೂ ಕುಡ್ಸೂಕೆ ನಿನ್ನ ಮೈಲಿ ಎಂತ ಅದೆ? ಬಿಡ್ಸು," ಎಂದರು ಅತ್ತೆ.

ಮೊದಲು ಲೋಳೆಸರ ಕೊಯ್ದು ಅದರ ಕಹಿ ಹಚ್ಚಿಕೊಂಡೆ. ಪುಣ್ಯಾತ್ಮ ಒಂದು ಸಲ ನಾಲಿಗೆ ಇಟ್ಟು ಮುಖ ಕಿವುಚಿದ, ನನ್ನ ನೈಟಿಯ ಅಂಚಿನಿಂದಲೇ ಚೆನ್ನಾಗಿ ಒರೆಸಿ ಮತ್ತೆ ಕುಡಿಯತೊಡಗಿದ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೊಳಗೆ ನನಗೆ ಹೆಮ್ಮೆಯೇ ಆಗಿತ್ತು.

ಕಹಿಗೂ ಬಗ್ಗದ ಮಕ್ಕಳಿಗೆ ನಮ್ಮ ಮನೆಯಲ್ಲಿ ಹಳೆಯ ಪದ್ಧತಿಯೊಂದಿದೆ. ಏಳು ದಿನ ಮಗು ಬೇರೆಯವರ ಮಗ್ಗುಲಲ್ಲಿ ಮಲಗಬೇಕು, ತಾಯಿ ಮುಖ ತೋರಿಸಬಾರದು. ಆ ಏಳು ದಿನ ಬೆಳಿಗ್ಗೆ ಸಂಜೆ ತಾಯಿಯ ಎದೆಗೆ ಮಲ್ಲಿಗೆ ಮಾಲೆ ಕಟ್ಟಬೇಕು. ಮಲ್ಲಿಗೆ ಹಾಲನ್ನು ಒಣಗಿಸುತ್ತದೆ. ಅತ್ತೆಗೆ ಮಂಡಿನೋವು, ಮಗುವನ್ನು ಎತ್ತಿಕೊಂಡು ತಿರುಗಲಾರರು. ಹಾಗಾಗಿ ಸುಮಿತ ಕಲ್ಪನಕ್ಕನ ಕೋಣೆಗೆ ಹೋದ. ಅದು ಹಿತ್ತಿಲ ಕಡೆಗೆ, ಅಡುಗೆಮನೆಯ ಆಚೆ. ನಾನು ಮುಂದಿನ ಕೋಣೆಯಲ್ಲಿ ಉಳಿದೆ.

ಎದೆಗೆ ಕಟ್ಟುವ ಮಾಲೆಯನ್ನು ಕಟ್ಟಿಕೊಡುತ್ತಿದ್ದವಳೂ ಕಲ್ಪನಕ್ಕನೇ. ಬೇರೆ ಯಾರು ಕಟ್ಟುತ್ತಾರೆ? ಒತ್ತೊತ್ತಾಗಿ, ಒಂದು ಮೊಗ್ಗೂ ಜಾರದ ಹಾಗೆ ಕಟ್ಟಿ ಬಾಗಿಲ ಸಂದಿಯಿಂದ ಅತ್ತೆಯ ಕೈಗೆ ಕೊಡುತ್ತಿದ್ದಳು. ಅತ್ತೆ ಅದನ್ನು ಸುತ್ತಿ ಮೇಲೊಂದು ಬಟ್ಟೆ ಬಿಗಿಯುತ್ತಿದ್ದರು. ಬೆಳಿಗ್ಗೆ ತಂಪಾಗಿರುತ್ತಿದ್ದ ಹೂ ಸಂಜೆಗೆ ನನ್ನ ಮೈಬಿಸಿಗೆ ಬೆಂದು ಕಂದಾಗಿ, ಸೋರಿದ ಹಾಲಿನ ಜೊತೆ ಸೇರಿ ಹುಳಿ ವಾಸನೆ ಬರುತ್ತಿತ್ತು. ಎರಡನೆಯ ದಿನ ಆ ವಾಸನೆಗೆ ಕರುಳೇ ಕಿತ್ತು ಬರುವಂತೆ ವಾಂತಿಯಾಯಿತು. ಅಂದಿನಿಂದ ಮಲ್ಲಿಗೆ ಎಂದರೆ ಸಾಕು, ನನಗೆ ಹೊಟ್ಟೆ ತೊಳಸುತ್ತಿತ್ತು. ಎಂಟು ವರ್ಷ ಮಲ್ಲಿಗೆಯ ನಡುವೆಯೇ ಬಾಳಿದವಳು ನಾನು. ಹೂ ಕಟ್ಟುವ ಜಾಗವನ್ನೇ ಜಗಲಿಯಿಂದ ಹಿತ್ತಿಲಿಗೆ ಸಾಗಿಸಬೇಕಾಯಿತು.

ಮೊದಲ ಎರಡು ದಿನ ಸುಮಿತ ಮನೆ ಹಾರಿಹೋಗುವಂತೆ ಅತ್ತ. ಅವಳು ಅವನನ್ನು ಸೊಂಟಕ್ಕೇರಿಸಿಕೊಂಡು ಮಲ್ಲಿಗೆ ಸಾಲಿನ ನಡುವೆ ಹಾಡುತ್ತ ತಿರುಗುತ್ತಿದ್ದದ್ದು ಕೇಳಿಸುತ್ತಿತ್ತು. ಹೋಗಿ ಎತ್ತಿಕೊಳ್ಳಬಾರದು. ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು. ಮೂರನೆಯ ದಿನ ಅಳು ನಿಂತಿತು. ಹಿತ್ತಿಲಿನಿಂದ ಅವನು ಕಿಲಕಿಲ ನಗುವುದು ಕೇಳಿಸಿತು.

"ಮರ್ತ, ಗೆದ್ವಿ," ಎಂದು ಅತ್ತೆ ದೇವರಿಗೆ ದೀಪ ಹಚ್ಚಿದರು.

ಅವನು ಅಳುತ್ತಿದ್ದಾಗ ನನಗೆ ಅಷ್ಟು ಸಂಕಟವಾಗಿರಲಿಲ್ಲ. ನಿಲ್ಲಿಸಿದಾಗ ಆಯಿತು.

ಎಂಟನೆಯ ದಿನ ಬೆಳಿಗ್ಗೆ ಕಲ್ಪನಕ್ಕ ಅವನನ್ನು ಕರೆದುಕೊಂಡು ಮುಂದಿನ ಕೋಣೆಯ ಬಾಗಿಲಿಗೆ ಬಂದಳು. "ನೋಡು, ಅಮ್ಮ," ಎಂದು ಇಳಿಸಿದಳು. ಅವನು ಎರಡೂ ಕೈ ಚಾಚಿಕೊಂಡು ಓಡಿ ಬಂದ. ನಾನೂ ಕೈ ಚಾಚಿದೆ. ಅವನು ನನ್ನ ಎದೆಗೆ ಬಿದ್ದ ಕೂಡಲೇ ಗಪ್ಪನೆ ಆ ವಾಸನೆ ಹೊಡೆಯಿತು. ಕೂದಲು, ಅಂಗಿ, ಬೆರಳು, ಎಲ್ಲ ಮಲ್ಲಿಗೆ. ಹೂ ಕಟ್ಟುವವಳ ಮಡಿಲಿನಿಂದ ಎದ್ದು ಬಂದ ಮಗು ಮತ್ತೆ ಹೇಗಿರುತ್ತದೆ? ಹೊಟ್ಟೆ ಬಾಯಿಗೆ ಬಂತು. ನಾನು ಅವನನ್ನು ಎರಡೂ ಕೈಯಲ್ಲಿ ನೂಕಿ ಬಚ್ಚಲಿಗೆ ಓಡಿದೆ.

ತಿರುಗಿ ಬರುವಾಗ ಅವನು ನೆಲದ ಮೇಲೆ ಕುಳಿತಲ್ಲೇ ಇದ್ದ. ಅಳುತ್ತಿರಲಿಲ್ಲ. ನನ್ನನ್ನು ಒಂದು ಸಲ ನೋಡಿ ಎದ್ದು ಹೋಗಿ ಕಲ್ಪನಕ್ಕನ ನೈಟಿಯಲ್ಲಿ ಮುಖ ಹುದುಗಿಸಿದ.

"ಅಮ್ಮಂಗೆ ಹೂವಿನ ವಾಸ್ನೆ ಆಗೂದಿಲ್ಲ ಮಗಾ, ನಿನ್ನ ನೂಕದ್ದಲ್ಲ," ಎಂದು ಅವಳು ತಲೆ ಸವರುತ್ತಿದ್ದಳು. ಎರಡು ವರ್ಷದ ಮಗುವಿಗೆ ಅದೆಲ್ಲ ಅರ್ಥವಾಗುತ್ತದೆಯೇ?

ಅಲ್ಲಿಂದ ಅವನು ನನ್ನವನಾಗಿ ಉಳಿಯಲಿಲ್ಲ. ಮೀನಿನ ಮುಳ್ಳು ಬಿಡಿಸಲು ದೊಡ್ಡಮ್ಮ ಬೇಕು, ಕುಂಡೆ ತೊಳೆಯಲೂ ದೊಡ್ಡಮ್ಮನೇ ಬೇಕು. ಅಂಗನವಾಡಿಯಲ್ಲಿ ಕೊಟ್ಟ ಮೊಟ್ಟೆಯಲ್ಲಿ ಅರ್ಧ ಮುಷ್ಟಿಯಲ್ಲಿ ಹಿಡಿದು ತಂದರೆ ಅದೂ ದೊಡ್ಡಮ್ಮನಿಗೆ. ಪ್ರಿಯಾ ಬಂದು ವರದಿ ಒಪ್ಪಿಸುತ್ತಿದ್ದಳು: "ಅಮ್ಮಾ, ಸುಮಿತ ಈಗ ದೊಡ್ಡಮ್ಮನ ಜಡೆ ಹಿಡ್ಕಂಡೇ ಮಲಗ್ತ." ನನ್ನ ಕರಿಮಣಿ ಕುತ್ತಿಗೆಯಲ್ಲೇ ಇತ್ತು, ಅದನ್ನು ಹಿಡಿಯುವ ಬೆರಳುಗಳಿರಲಿಲ್ಲ.

ದಿನಕ್ಕೊಂದು ಸಲ ಅವಳು ಅವನನ್ನು ನನ್ನ ಕೋಣೆಯ ಬಾಗಿಲವರೆಗೆ ತಂದು ಬಿಡುತ್ತಿದ್ದಳು. ಅವನು ಹೊಸಿಲು ದಾಟುತ್ತಿರಲಿಲ್ಲ. ಚೌಕಟ್ಟು ಹಿಡಿದು ನಿಂತು ನೋಡಿ ಓಡಿಹೋಗುತ್ತಿದ್ದ. ಆ ಹೊತ್ತಿನಲ್ಲಿ ಅವನ ಮೈಯೆಲ್ಲ ಲಿಂಬೆಯ ವಾಸನೆ. ನನ್ನ ವಾಂತಿಗೆಂದು ಇವರು ತಂದಿಟ್ಟ ಲಿಂಬೆಕಾಯಿಗಳು ಬುಟ್ಟಿಯಲ್ಲಿ ಕಡಿಮೆಯಾಗುತ್ತಿದ್ದವು. ನನ್ನ ಲಿಂಬೆಯಲ್ಲಿ ಶರಬತ್ತು ಮಾಡಿ ನನ್ನ ಮಗನನ್ನು ಒಲಿಸಿಕೊಳ್ಳುತ್ತಿದ್ದಾಳೆ ಎಂದು ನನ್ನ ಮೈ ಉರಿಯಿತು. ಕೇಳಲಿಲ್ಲ. ಕೇಳಿದರೆ ಅವಳು ನಗುತ್ತಾಳೆ, ಆ ನಗು ನನಗೆ ಬೇಡವಾಗಿತ್ತು.

ರಾತ್ರಿ ಹಗಲು ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಮಳೆಗಾಲದ ನಡುವೆ ಹೆರಿಗೆ. ಅಷ್ಟರೊಳಗೆ ಸುಮಿತ ನನ್ನ ಕಡೆ ತಿರುಗಬೇಕು. ಹೊಸ ಮಗು ಮಡಿಲಿಗೆ ಬಂದ ಮೇಲೆ ಅವನಿಗೆ ಅಲ್ಲಿ ಜಾಗವೆಲ್ಲಿ? ಆಮೇಲೆ ಅವನು ಪೂರ್ತಿ ಅವಳವನೇ. ಕೇರಿಯಲ್ಲಿ ಆಗಲೇ ಯಾರೋ ನನ್ನ ಹೆಸರೆತ್ತಿ ಅಂದಿದ್ದರು, ವೀಣಾಳಿಗೆ ಮೂರಾಯಿತು, ಒಂದನ್ನು ಕಲ್ಪನಾಳಿಗೆ ಕೊಟ್ಟರೆ ಇಬ್ಬರಿಗೂ ಸಸಾರ ಎಂದು. ಕೊಡುವುದಕ್ಕೆ ಅವನೇನು ಸೌತೆಕಾಯಿಯೇ?

ಪ್ರಿಯಾಳ ಪರೀಕ್ಷೆ ಮುಗಿದ ದಿನ ಅದು ಸ್ಫೋಟವಾಯಿತು. ಹಿತ್ತಿಲಿನಲ್ಲಿ ಕಲ್ಪನಕ್ಕನೂ ಪಕ್ಕದ ಮನೆಯ ಲಕ್ಕಿಯೂ ಹೂ ಕಟ್ಟುತ್ತಿದ್ದರು. ನಾನು ಗಾಳಿಯ ಮೇಲ್ಬದಿಗೆ, ಮೂಗಿಗೆ ಟವೆಲ್ ಒತ್ತಿಕೊಂಡು ದೂರದಲ್ಲಿ ಕುಳಿತಿದ್ದೆ. ಸುಮಿತ ಕಲ್ಪನಕ್ಕನ ಚಾಚಿದ ಕಾಲಿನ ಮೇಲೆ ಕುದುರೆ ಆಡುತ್ತಿದ್ದ. ಲಕ್ಕಿಗೆ ಮಕ್ಕಳನ್ನು ಕೆಣಕುವ ಚಟ.

"ಹೇ ಸುಮಿತಾ, ನಿನ್ನ ಅಮ್ಮ ಯಾರಾ?"

ಅವನು ನನ್ನ ಕಡೆ ನೋಡಿದ. ನೋಡಿಯೇ, ಹಿಂದಕ್ಕೆ ವಾಲಿ ಕಲ್ಪನಕ್ಕನ ಗಲ್ಲಕ್ಕೆ ಬೆರಳು ಚುಚ್ಚಿದ.

"ಇದು!"

ಲಕ್ಕಿ ಹೋ ಎಂದು ನಕ್ಕಳು. ಕಲ್ಪನಕ್ಕನೂ ನಕ್ಕಳು. ಎಂದಿನ ನಗುವಾಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆ ನಗು ಬೇರೆಯಾಗಿತ್ತು. ನಕ್ಕವಳು ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಮುಖ ಕೆಂಪಾಗಿತ್ತು. ಎಂಟು ವರ್ಷದಲ್ಲಿ ಅವಳಿಗೆ ಅಷ್ಟು ಸಂತೋಷವಾದದ್ದನ್ನು ನಾನು ನೋಡಿರಲಿಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಹಡೀದೇ ಅಮ್ಮ ಆಗೂಕೆ ಬರೂದಿಲ್ಲ ಅಕ್ಕಾ," ಎಂದೆ. "ಕಂಡವರ ಮಕ್ಕಳಿಗೆ ಹೂವು ಮೂಸ್ಸಿ ಮೂಸ್ಸಿ ಮರುಳು ಮಾಡೂದೂ ತಾಯ್ತನ ಅಲ್ಲ."

ಲಕ್ಕಿಯ ಕೈ ನಿಂತಿತು. ಕಲ್ಪನಕ್ಕನ ಕೈ ನಿಲ್ಲಲಿಲ್ಲ. ಅವಳು ಸುಮಿತನನ್ನು ಮೆಲ್ಲಗೆ ಕಾಲಿನಿಂದ ಇಳಿಸಿ, ತಲೆ ತಗ್ಗಿಸಿ ಕಟ್ಟುತ್ತಲೇ ಇದ್ದಳು. ಹಾಡಲಿಲ್ಲ.

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಹೇಳಿದರು: "ಅತ್ತಿಗೆ, ಹೊನ್ನಾವರದ ಹೂವಿನವ ಫೋನ್ ಮಾಡಿದ್ದ. ಇವತ್ತಿನ ಮಾಲೆ ಬಿಚ್ಚಿ ಹೋಗ್ತಾ ಅದ್ಯಂತೆ, ಮೊಗ್ಗೆಲ್ಲ ಜಾರ್ತಾ ಅದ್ಯಂತೆ. ಎಂತ ಆತು?"

"ನಾರು ಒಣಗಿತ್ತೇನ," ಎಂದಳು ಕಲ್ಪನಕ್ಕ.

ನನಗೆ ಪಶ್ಚಾತ್ತಾಪವಾಯಿತು ಎಂದು ಇಲ್ಲಿ ಬರೆಯಬಹುದು. ಆಗಲಿಲ್ಲ. ಅವಳ ಕೈಯೂ ತಪ್ಪುತ್ತದಲ್ಲ ಎಂದು ಒಂದು ಕ್ಷಣ ಖುಷಿಯೇ ಆಯಿತು. ಆ ಖುಷಿ ನೆನಪಾದರೆ ಈಗ ನನಗೇ ನನ್ನ ಮೇಲೆ ಹೇಸಿಗೆ.

ಮರುದಿನವೇ ಬೇಸಿಗೆ ರಜೆಯ ನೆಪ ಹೇಳಿ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಧಾರೇಶ್ವರಕ್ಕೆ, ತವರಿಗೆ ಹೊರಟೆ. ಮೂರನೆಯ ಬಸುರಿಗೆ ತವರಿಗೆ ಹೋಗುವುದೆಂದರೇನು ಎಂದು ಅತ್ತೆ ಗೊಣಗಿದರು. ಇವರು ಚೀಲ ಎತ್ತಿ ರಿಕ್ಷಾದಲ್ಲಿಟ್ಟರು. ಬೇಲಿಬಾಗಿಲ ದಣಪೆಯ ಹತ್ತಿರ ಕಲ್ಪನಕ್ಕ ನಿಂತಿದ್ದಳು. ಸುಮಿತನ ಕೌದಿಯನ್ನು ಮಡಿಸಿ ಕೊಟ್ಟಳು, ಅದರ ಮೇಲೊಂದು ಬಾಳೆಲೆಯ ಪೊಟ್ಟಣ ಇಟ್ಟಳು.

"ಅವ ಮಲಗೂಕೆ ಹಟ ಮಾಡಿದ್ರೆ ಇದ್ನ ತಲೆ ದಿಂಬಿನ ಹತ್ರ ಇಡು. ನೀ ಸ್ವಲ್ಪ ಆಚೆ ಮಲಗು, ನಿಂಗೆ ಆಗೂದಿಲ್ಲ."

ಒಳಗೇನಿದೆ ಎಂದು ಬಿಚ್ಚಿ ನೋಡಬೇಕಾಗಿರಲಿಲ್ಲ. ಬಸ್ಸಿನಲ್ಲಿ ಅದು ನಾರತೊಡಗಿತು. ಇಲ್ಲ, ಪರಿಮಳವೇ. ನನಗೆ ನಾತ. ಶರಾವತಿ ಸೇತುವೆಯ ಮೇಲೆ ಬಂದಾಗ ಕಿಟಕಿಯಿಂದ ಪೊಟ್ಟಣವನ್ನು ಹೊಳೆಗೆ ಎಸೆದೆ. ಪಕ್ಕದಲ್ಲಿ ಕುಳಿತ ಹೆಂಗಸು, ನಾನು ಹೊಳೆಗೆ ಹೂ ಒಪ್ಪಿಸಿದೆ ಎಂದುಕೊಂಡು ತಾನೂ ಕೈಮುಗಿದಳು. ಸುಮಿತ ಬಸ್ಸಿನ ಖುಷಿಯಲ್ಲಿದ್ದ. ಹೊನ್ನಾವರ ದಾಟಿದ ಮೇಲೆ ಹಿಂದೆ ತಿರುಗಿ ನೋಡಿ, "ದೊಡ್ಡಮ್ಮ?" ಎಂದ.

"ಬತ್ತದೆ," ಎಂದು ಸುಳ್ಳು ಹೇಳಿದೆ.

ತವರಿನಲ್ಲಿ ನನ್ನ ಹೆತ್ತ ಅಬ್ಬೆ ಮತ್ತು ತಮ್ಮ ದಿನೇಶ ಇದ್ದಾರೆ. ನಾನು ಅಂದುಕೊಂಡದ್ದು ಇಷ್ಟು: ಇಲ್ಲಿ ಅವಳಿಲ್ಲ, ಹೂ ಇಲ್ಲ, ಎರಡು ದಿನ ಅತ್ತು ಮೂರನೆಯ ದಿನ ಅವನು ನನ್ನ ಕಡೆ ಬರುತ್ತಾನೆ. ನನ್ನನ್ನು ಮರೆಸಿದ್ದೂ ಹಾಗೆಯೇ ತಾನೆ? ಅದೇ ಮದ್ದನ್ನು ತಿರುಗಿಸಿ ಕುಡಿಸುವ ಹಟ ನನ್ನದು.

ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಗೊತ್ತಾಗುತ್ತಿತ್ತು ಏನು ಮಾಡಬೇಕೆಂದು. ಅವನು ಊಟ ಬಿಟ್ಟ. ಅಬ್ಬೆ ಗಂಜಿಗೆ ತುಪ್ಪ ಹಾಕಿ ಕಲಸಿದರೆ ಬಾಯಲ್ಲಿಟ್ಟುಕೊಂಡು ಹಾಗೆಯೇ ಕೂರುತ್ತಿದ್ದ. ಹಗಲೆಲ್ಲ ಬೇಲಿಯ ಹತ್ತಿರ ಹೋಗಿ ರಸ್ತೆ ನೋಡುತ್ತಿದ್ದ. ನಿದ್ದೆ ಇಲ್ಲದೆ ಕಣ್ಣು ಒಳಗೆ ಹೋಯಿತು, ಮೈ ಬೆಚ್ಚಗಾಯಿತು. ದಿನೇಶ ಬೈಕಿನಲ್ಲಿ ಕುಮಟೆಗೆ ಡಾಕ್ಟರ ಹತ್ತಿರ ಕರೆದೊಯ್ದ. ಕಾಯಿಲೆ ಏನೂ ಇಲ್ಲ, ಊರು ಬದಲಾದದ್ದಕ್ಕೆ ಹೀಗೆ, ಎಂದರಂತೆ.

ಮೂರನೆಯ ಮಧ್ಯಾಹ್ನ ನಾನು ಅವನ ಪಕ್ಕ ಮಲಗಿದ್ದೆ. ಅವನು ತಾನಾಗಿ ಉರುಳಿ ಹತ್ತಿರ ಬಂದ. ಅವನ ಕೈ ನನ್ನ ಕುತ್ತಿಗೆಗೆ ಬಂತು, ಕರಿಮಣಿಯನ್ನು ದಾಟಿ ಹಿಂದಕ್ಕೆ ಹೋಗಿ ಜಡೆಯನ್ನು ಹಿಡಿಯಿತು. ಜಡೆಯನ್ನು ಮೂಗಿಗೆ ಹಿಡಿದು ಮೂಸಿದ. ಮತ್ತೆ ಮೂಸಿದ. ಆಮೇಲೆ ಅದನ್ನು ಬಿಟ್ಟು ಗೋಡೆಯ ಕಡೆ ಹೊರಳಿಕೊಂಡ.

ಬಾಗಿಲಲ್ಲಿ ಅಬ್ಬೆ ನಿಂತಿದ್ದರು. "ಅವ ಎಂತ ಹುಡುಕ್ತಾ ಇದ್ದ ನಿನ್ನ ತಲೇಲಿ?" ಎಂದು ಕೇಳಿದರು.

ಮೂಲೆಯಲ್ಲಿ ಬಣ್ಣ ಹಚ್ಚುತ್ತ ಕುಳಿತಿದ್ದ ಪ್ರಿಯಾ ತಲೆ ಎತ್ತದೆ ಹೇಳಿದಳು:

"ಮಲ್ಲಿಗೆ ವಾಸ್ನೆ. ದೊಡ್ಡಮ್ಮನ ಜಡೇಲಿ ಇರ್ತಿತ್ತಲ."

"ಗೊತ್ತು, ಸುಮ್ನಿರು," ಎಂದೆ.

"ನಿನ್ನ ಹತ್ರ ಕಳ್ಸುವಾಗ ಮಾತ್ರ ತೊಳೀತಿದ್ಲು ಅಮ್ಮಾ. ದಿನಾ ಲಿಂಬೆಕಾಯಿ ಕೊಯ್ದು ಸುಮಿತನ ಕೈ, ಕುತ್ತಿಗೆ ಎಲ್ಲ ತಿಕ್ತಿದ್ಲು. ಈಗ ಅಮ್ಮಂಗೆ ವಾಸ್ನೆ ಬರೂದಿಲ್ಲ, ಹೋಗು ಮಗಾ, ಅಮ್ಮನ ಅಪ್ಪಿಕ, ಅಂತಿದ್ಲು. ಅವನೇ ಬತ್ತಿರ್ಲಿಲ್ಲ."

ನಾನು ಎದ್ದು ಕುಳಿತೆ. ಖಾಲಿಯಾಗುತ್ತಿದ್ದ ಲಿಂಬೆಯ ಬುಟ್ಟಿ ಕಣ್ಣ ಮುಂದೆ ಬಂತು. ದಿನವೂ ನನ್ನ ಮಗನನ್ನು ತೊಳೆದು ಬಾಗಿಲಿಗೆ ತಂದು ನನಗೆ ಒಪ್ಪಿಸಲು ನಿಲ್ಲುತ್ತಿದ್ದವಳಿಗೆ ನಾನು ಹಡೆಯದವಳು ಎಂದೆ. ಅವಳು ನನ್ನ ಮಗನನ್ನು ಕಸಿದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳ ಮೇಲೆ ಹರಿಹಾಯಬಹುದಿತ್ತು. ಈಗ ಯಾರ ಮೇಲೆ ಹಾಯಲಿ?

ಮರುದಿನ ಬೆಳಿಗ್ಗೆ ದಿನೇಶನಿಗೆ ಹೇಳಿದೆ. "ಕುಮಟೆ ಪೇಟೆಗೆ ಹೋಗು. ನಾಲ್ಕು ಮೊಳ ಮಲ್ಲಿಗೆ ತಾ."

"ನಿಂಗೆ ವಾಂತಿ ಬತ್ತದಲೆ, ತಲೆ ಕೆಟ್ಟದ್ಯಾ?"

"ತಾ ಅಂದೆ."

ಹನ್ನೆರಡು ಗಂಟೆಗೆ ತಂದ. ಭಟ್ಕಳದ ಕಡೆಯಿಂದ ಬಸ್ಸಿನಲ್ಲಿ ಬಂದ ಹೂವಂತೆ. ಬಾಳೆಲೆ ಬಿಚ್ಚುವುದರೊಳಗೆ ಒಂದು ಸಲ ಬಚ್ಚಲಿಗೆ ಹೋಗಿ ಬಂದೆ. ಮೂಗಿನಿಂದ ಉಸಿರಾಡದೆ ಮಾಲೆಯನ್ನು ಎತ್ತಿದೆ. ಅಭ್ಯಾಸಬಲದಿಂದ ಮಗುಚಿ ನೋಡಿದೆ. ನಾರಿನ ಗಂಟುಗಳೆಲ್ಲ ಎಡಕ್ಕೆ ಹೊರಳಿದ್ದವು. ಬಿಗಿಯಾಗಿದ್ದವು, ಒಂದು ಮೊಗ್ಗೂ ಜಾರಿರಲಿಲ್ಲ. ನಮ್ಮ ಸೀಮೆಯಲ್ಲಿ ಎಡಗೈಯಲ್ಲಿ ಹೂ ಕಟ್ಟುವವರು ಇನ್ನೂ ಇರಬಹುದು. ನನಗೆ ಗೊತ್ತಿರುವುದು ಒಬ್ಬಳೇ.

ಜಡೆ ಹೆಣೆದು ನಾಲ್ಕೂ ಮೊಳವನ್ನು ಮುಡಿದೆ. ಮತ್ತೆ ವಾಂತಿಯಾಯಿತು. ಅಬ್ಬೆ ಬೆನ್ನು ಉಜ್ಜುತ್ತ, "ತೆಗ್ದ್ಹಾಕು ಮಗಳೇ, ಬಸ್ರಿ ಹೆಂಗ್ಸು, ಹೊಟ್ಟೇಲಿದ್ದದ್ದು ಎಂತಾಗ್ಬೇಕು," ಎಂದರು. ಬಾಯಿ ತೊಳೆದುಕೊಂಡು ಲಿಂಬೆಯ ಸಿಪ್ಪೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಹೊಟ್ಟೆಯೊಳಗಿನದು ಒಮ್ಮೆ ಒದೆಯಿತು. ಅದಕ್ಕೂ ಆ ವಾಸನೆ ಹಿಡಿಸಲಿಲ್ಲವೇನೋ, ಅಥವಾ ಅದರದ್ದೂ ಹೊಟ್ಟೆಕಿಚ್ಚೇ ಇರಬೇಕು, ನನ್ನ ಹೊಟ್ಟೆಯದಲ್ಲವೇ.

ಊಟದ ಹೊತ್ತಿಗೆ ಹೋಗಿ ಸುಮಿತನ ಪಕ್ಕ ಮಲಗಿದೆ. ಅವನು ಗೋಡೆಯ ಕಡೆ ತಿರುಗಿದ್ದ, ಕಣ್ಣು ಅರೆಮುಚ್ಚಿತ್ತು. ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಮೂಗರಳಿಸಿದ. ಕಣ್ಣು ತೆರೆಯದೆಯೇ ಹೊರಳಿ, ನನ್ನ ಕುತ್ತಿಗೆಯ ಹಿಂದೆ ಮುಖ ಹುದುಗಿಸಿ, ಜಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅವನ ಬಿಸಿಯುಸಿರು ಹೂವಿಗೆ ತಾಗಿ ಪರಿಮಳ ಇನ್ನಷ್ಟು ಎದ್ದಿತು. ನಾನು ಸಿಪ್ಪೆಯನ್ನು ಕಚ್ಚಿ ಹಿಡಿದೆ. ಎಷ್ಟು ದಿನದ ಮೇಲೆ ನನ್ನ ಮಗ ನನ್ನ ಮೈಗೆ ಅಂಟಿ ಮಲಗಿದ್ದ.

"ದೊಡ್ಡಮ್ಮಾ," ಎಂದ.

ಅಮ್ಮ ಕಣಾ ಇದು, ಎಂದು ಹೇಳಬೇಕೆನಿಸಿತು. ಬಾಯಿಯವರೆಗೆ ಬಂದಿತ್ತು. ಹೇಳಿದ್ದರೆ ಅವನು ಕಣ್ಣು ಬಿಡುತ್ತಿದ್ದ.

"ದೊಡ್ಡಮ್ಮಾ?"

"ಹೂಂ ಮಗಾ," ಎಂದೆ. ಅವಳ ಹಾಗೆ, ನಿಧಾನಕ್ಕೆ.

ಅವನು ಸಂಜೆಯವರೆಗೆ ಮಲಗಿದ. ನಾನೂ ಅಲುಗದೆ ಮಲಗಿದ್ದೆ, ಎದ್ದರೆ ಜಡೆ ಎಳೆದಂತಾಗುತ್ತದೆಂದು. ಎಚ್ಚರವಾದ ಮೇಲೆ ನನ್ನ ಮುಖ ನೋಡಿ ಅವನಿಗೆ ಮೋಸವಾದದ್ದು ತಿಳಿಯಿತು. ಆದರೂ ಓಡಿಹೋಗಲಿಲ್ಲ. ಜಡೆಯ ಹೂವನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿ, ಅಬ್ಬೆ ತಂದ ಗಂಜಿಯನ್ನು ನನ್ನ ಕೈಯಿಂದ ನಾಲ್ಕು ತುತ್ತು ತಿಂದ.

ಆಮೇಲೆ ಕಲ್ಪನಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು, ಫೋನನ್ನು ಕೈಯಲ್ಲೇ ಹಿಡಿದು ಕುಳಿತವಳ ಹಾಗೆ.

"ಸುಮಿತ ಉಂಡ್ನ?" ಎಂದಳು. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ಅಷ್ಟರಲ್ಲೂ ಅದು ನನಗೆ ಚುಚ್ಚಿತು.

"ನಾಕು ತುತ್ತು ಉಂಡ. ಅಕ್ಕಾ, ನೀ ಬಾ. ಬಂದು ಇಲ್ಲೇ ನಾಕು ದಿನ ಇರು. ಅವಂಗೆ ಇಬ್ರೂ ಬೇಕು."

ಅವಳು ಮೂಗು ಎಳೆದುಕೊಳ್ಳುವುದು ಕೇಳಿಸಿತು. "ಬತ್ತೆ," ಎಂದಳು. "ನಾಳೆ ಬೆಳಿಗ್ಗೆ ಬಸ್ಸಿಗೇ ಬತ್ತೆ. ತಲೆ ಮಿಂದ್ಕಂಡು ಬತ್ತೆ, ಹೂ ಮುಡೂದಿಲ್ಲ. ನಿಂಗೆ ಹೆದ್ರಿಕೆ ಬ್ಯಾಡ."

ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ. ನಾಳೆ ಅವಳು ಬಸ್ಸಿಳಿದು ಬರುವಾಗ ನನ್ನ ಮಗ ಹೇಗೆ ಓಡುತ್ತಾನೆಂದು ನನಗೆ ಗೊತ್ತಿತ್ತು, ನಾನು ಜಗಲಿಯಲ್ಲಿ ನಿಂತು ಅದನ್ನು ನೋಡಬೇಕಾಗುತ್ತದೆ ಎಂದೂ ಗೊತ್ತಿತ್ತು. ಬಾಡಿದ ಹೂವಿನ ಜಡೆಯನ್ನು ಹೆಗಲ ಹಿಂದಕ್ಕೆ ಹಾಕಿಕೊಂಡೆ.

"ಮುಡ್ಕಂಡೇ ಬಾ ಅಕ್ಕಾ," ಎಂದೆ.